ಬಿಸಿ ರೋಲರಿಗೆ ಹೆದರಿದ ಮಸಿಪುಡಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಜೆರಾಕ್ಸ್ ಅಂಗಡಿಯ ಚೆನ್ನಬಸಯ್ಯನವರು; ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಯಂತ್ರದೊಳಗೆ ಹಾಸ್ಟೆಲ್ ಅರ್ಜಿಯ ಹಾಳೆಯ ಮೇಲೆ ನೀಲವ್ವ ಎಂಬ ಹುಡುಗಿಯ ಹೆಸರಾಗಿ ಕೂತಿದ್ದ ಮಸಿಪುಡಿ, ಮುಂದಿದ್ದ ಬಿಸಿ ರೋಲರನ್ನು ಕಂಡು ನಡುಗಿತು. "ಅಕ್ಕಾ, ಇಲ್ಲೇ ನಿಲ್ಲು. ನಾನು ಚೆನ್ನಾಗಿಯೇ ಕೂತಿದ್ದೇನಲ್ಲ" ಎಂದು ಹಾಳೆಯನ್ನು ಬೇಡಿತು.

"ಕೂತಿದ್ದೀಯೆ ತಮ್ಮಾ, ಅಂಟಿಲ್ಲ. ನಾನು ಕರಗಿಸಿ ಒತ್ತಿದರೇ ನೀನು ಉಳಿಯುವುದು" ಎಂದಿತು ರೋಲರ್.

ಹಾಳೆ ಕನಿಕರಪಟ್ಟು, ಮುದುರಿ ಯಂತ್ರದೊಳಗೇ ಸಿಕ್ಕಿಕೊಂಡು ನಿಂತಿತು. ಚೆನ್ನಬಸಯ್ಯನವರು ಅದನ್ನು ಹೊರಗೆಳೆದರು; ಹೆಬ್ಬೆರಳು ತಗುಲಿ ಹೆಸರು ಅಳಿಸಿಹೋಯಿತು.

"ಅಯ್ಯೋ, ಅರ್ಜಿಗೆ ಇವತ್ತೇ ಕಡೇ ದಿನ!" ಎಂದಳು ಅಂಗಡಿಯಲ್ಲಿ ಕಾಯುತ್ತಿದ್ದ ನೀಲವ್ವ.

ಡಬ್ಬಿಯಲ್ಲಿ ಉಳಿದಿದ್ದ ಪುಡಿ ಇದನ್ನು ಕೇಳಿತು. ಚೆನ್ನಬಸಯ್ಯನವರು ಮತ್ತೆ ಯಂತ್ರ ನಡೆಸಿದಾಗ ಹೊಸ ಹಾಳೆಯ ಮೇಲೆ ಕೂತು, "ಅಣ್ಣಾ, ಗಟ್ಟಿಯಾಗಿ ಒತ್ತು" ಎಂದು ರೋಲರಿಗೆ ಹೇಳಿತು.

ಹಾಳೆ ಬೆಚ್ಚಗೆ ಹೊರಬಂತು. ನೀಲವ್ವ ಬೆರಳಿನಿಂದ ಉಜ್ಜಿ ನೋಡಿದಳು, ಹೆಸರು ಕದಲಲಿಲ್ಲ.

ಕಷ್ಟಕ್ಕೆ ಹೆದರುವ ಮಕ್ಕಳು ಸಿಕ್ಕರೆ ಅವರಿಗೂ ಇದನ್ನು ಹೇಳಿ.