ಏಳನೆಯ ಮೆಟ್ಟಿಲಿನ ಗೆರೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಎಂಟು ಕ್ಯಾಮೆರಾಗಳಿದ್ದವು. ಅವು ಕಂಡದ್ದನ್ನೆಲ್ಲ ಹಿಡಿದಿಡುವ ಒಂದು ರೆಕಾರ್ಡರ್ ಇತ್ತು. ಅದನ್ನು ನೋಡಿಕೊಳ್ಳುವ ಶಿಷ್ಯನ ಹೆಸರು ಅಡಿವೆಪ್ಪ.

ಆಶ್ರಮದ ಗುರು ನೀಲಾಂಬಿಕೆ. ಎಪ್ಪತ್ತು ದಾಟಿದ ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು.

ಹಿಂದಿನ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ, ಸ್ನಾನಕ್ಕಿಳಿದಿದ್ದ ಕಸ್ತೂರೆವ್ವ ಎಂಬಾಕೆ ಕೊಚ್ಚಿಹೋಗಿದ್ದಳು. ಇಳಿಯುವ ಮುನ್ನ ಆಕೆ ತನ್ನ ಬಟ್ಟೆಗಂಟನ್ನು ಅಡಿವೆಪ್ಪನ ಕೈಗೆ ಕೊಟ್ಟಿದ್ದಳು. ಅದನ್ನು ಹಿಡಿದುಕೊಂಡೇ ಅವನು ದಂಡೆಯ ಮೇಲೆ ನಿಂತು ನೋಡಿದ್ದ.

ಆಮೇಲೆ ಅವನು ಸ್ನಾನಘಟ್ಟದ ಕ್ಯಾಮೆರಾದ ಚಿತ್ರದ ಮೇಲೆ, ಏಳನೆಯ ಮೆಟ್ಟಿಲಿಗೆ ಸರಿಯಾಗಿ, ಒಂದು ಗೆರೆ ಎಳೆದ. ಅದರಾಚೆ ಸೆಳವು. ಯಾರಾದರೂ ಗೆರೆ ದಾಟಿದರೆ ದಂಡೆಯ ಸೈರನ್ ಕೂಗಬೇಕೆಂದು ರೆಕಾರ್ಡರಿನ ಸೆಟ್ಟಿಂಗಿನಲ್ಲಿ ಬರೆದಿಟ್ಟ.

ಆ ಸೆಟ್ಟಿಂಗ್ ಎಲ್ಲಿ ಅಳಿಸಿಹೋಗುತ್ತದೋ ಎಂಬುದೇ ಅವನ ಭಯ. ಅದಕ್ಕೆ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ರೆಕಾರ್ಡರಿಗೆ ಮೂರು ಬೆರಳು ವಿಭೂತಿ ಎಳೆದು, ಎಲ್ಲ ಸೆಟ್ಟಿಂಗುಗಳನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತಿದ್ದ. ಪೆನ್‌ಡ್ರೈವಿಗೂ ವಿಭೂತಿ ಹಚ್ಚಿ ರುದ್ರಾಕ್ಷಿಯ ಜೊತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಉಳಿದವರು ನಕ್ಕರೆ ಅವನು ಕ್ಯಾರೇ ಅನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ರೆಕಾರ್ಡರಿನ ಕೋಣೆಗೆ ಬಂದರು. ಅವರಿಗೆ ಕುತೂಹಲ ಜಾಸ್ತಿ. ಅಡುಗೆಮನೆಗೆ ಹೊಸ ಕುಕ್ಕರ್ ಬಂದರೂ ಅದರ ಸೀಟಿ ಬಿಚ್ಚಿ ನೋಡುವವರು.

"ಕೊರಳಾಗ ಏನ್ ಕಟ್ಕೊಂಡೀಯೋ?"

"ಸೆಟ್ಟಿಂಗ್ ಐತ್ರಿ ಅಕ್ಕಾ. ಮಷೀನ್ ಎಲ್ಲಾ ಮರೆತ್ರೂ ಇದರಿಂದ ಮೊದಲಿನಂಗ ಮಾಡಬಹುದು."

ಹಿಡಿದ ಚಿತ್ರಗಳೂ ಅದರಲ್ಲಿವೆಯೇ ಎಂದು ಅಕ್ಕ ಕೇಳಿದರು. ಇಲ್ಲ, ಅವು ಬೇರೆ ಡಿಸ್ಕಿನಲ್ಲಿರುತ್ತವೆ ಎಂದ ಅಡಿವೆಪ್ಪ. ಇದರಲ್ಲಿರುವುದು ಯಾವ ಕ್ಯಾಮೆರಾ ಯಾವಾಗ ನೋಡಬೇಕು, ಏನು ಕಂಡರೆ ಕೂಗಬೇಕು ಎಂಬುದಷ್ಟೇ.

"ಅಂದ್ರ ಕಂಡದ್ದಲ್ಲ, ಕಾಣೋ ರೀತಿ."

"ಹೌದ್ರಿ."

ಅಕ್ಕನಿಗೆ ಇದು ಬಹಳ ಹಿಡಿಸಿತು. ಸೈರನ್ ಕಡೆಯ ಸಲ ಕೂಗಿದ್ದು ಯಾವಾಗ ಎಂದು ವಿಚಾರಿಸಿದರು.

"ತಿಂಗಳಾತ್ರಿ, ಒಮ್ಮೆನೂ ಕೂಗಿಲ್ಲ. ಜನಕ್ಕ ಬುದ್ಧಿ ಬಂದೈತಿ."

"ಇಷ್ಟ್ ಲಗೂ ಬಂತೇನು?"

ಅಡಿವೆಪ್ಪ ಹೆಮ್ಮೆಯಿಂದ ತಲೆ ಆಡಿಸಿದ. ಉಳಿಸಿದ್ದನ್ನು ಎಂದಾದರೂ ಮರಳಿ ಹಾಕಿ ನೋಡಿದ್ದೀಯಾ ಎಂದು ಅಕ್ಕ ಕೇಳಿದಾಗ ಮಾತ್ರ ಅವನಿಗೆ ನಗು ಬಂತು. ಚೆನ್ನಾಗಿ ಓಡುವ ಯಂತ್ರಕ್ಕೆ ಯಾಕೆ ಮರಳಿ ಹಾಕಬೇಕು? ಹಾಕಿದರೆ ಅದು ಆರಿ ಹೊತ್ತುವವರೆಗೆ ಐದು ನಿಮಿಷ ಎಂಟೂ ಕಣ್ಣು ಮುಚ್ಚುತ್ತವೆ.

ಹಾಗಾದರೆ ಇದು ಎಲ್ಲವನ್ನೂ ಮರೆಯುವುದು ಹೇಗೆ ಎಂದು ಅಕ್ಕ ಕೇಳಿದರು. ಅವನು ಬೆನ್ನ ಕಡೆಯ ಸಣ್ಣ ತೂತು ತೋರಿಸಿ, ಅಲ್ಲಿ ಸೂಜಿಯಂಥದ್ದನ್ನು ಒತ್ತಿ ಹತ್ತರವರೆಗೆ ಎಣಿಸಿದರೆ ಸಾಕು ಎಂದ.

ಅಕ್ಕ ತುರುಬಿನ ಪಿನ್ನು ತೆಗೆದು ತೂತಿಗೆ ಇಟ್ಟು ಒತ್ತಿ ಎಣಿಸಿದರು. ಅವನು ತಮಾಷೆ ಇರಬೇಕು ಅಂದುಕೊಂಡ. ಹತ್ತಕ್ಕೆ ಎಂಟೂ ಚಿತ್ರಗಳು ಕಪ್ಪಾದವು.

ಅಡಿವೆಪ್ಪ ಕಪ್ಪಾದ ಪರದೆಯತ್ತ ಬೆರಳು ತೋರಿಸಿದ.

"ಘಟ್ಟದಾಗ ಜನ ಅದಾರ್ರಿ ಅಕ್ಕಾ."

ಯಾರೂ ಇರಲಿಲ್ಲ. ಎಲ್ಲರನ್ನೂ ಊಟಕ್ಕೆ ಎಬ್ಬಿಸಿ, ಅಡುಗೆಯ ಇಬ್ಬರು ಹೆಂಗಸರನ್ನು ಮೆಟ್ಟಿಲ ಮೇಲೆ ಕಾವಲಿಗೆ ಕೂರಿಸಿಯೇ ಅಕ್ಕ ಬಂದಿದ್ದರು.

"ಮೊದಲಿನಂಗ ಮಾಡು," ಎಂದರು.

ಅವನು ಪೆನ್‌ಡ್ರೈವ್ ಚುಚ್ಚಿದ. ರೆಕಾರ್ಡರಿಗೆ ಅದು ಕಾಣಿಸಲೇ ಇಲ್ಲ. ತೆಗೆದು ನೋಡಿದರೆ ಅದರ ಬಾಯಿ ತುಂಬ ವಿಭೂತಿ. ಉಫ್ ಎಂದು ಊದಿದ, ಅಂಗಿಯ ಚುಂಗಿನಿಂದ ಒರೆಸಿದ, ಕೊನೆಗೆ ಅಕ್ಕನ ಪಿನ್ನಿನಿಂದಲೇ ಕೆರೆದ. ಮೂರನೆಯ ಸಲ ಅದು ಹಿಡಿಯಿತು.

ರೆಕಾರ್ಡರ್ ಆರಿ ಮತ್ತೆ ಹೊತ್ತಿಕೊಂಡಿತು. ಹೆಬ್ಬಾಗಿಲು, ದಾಸೋಹದ ಮನೆ, ಕೊಟ್ಟಿಗೆ, ಘಟ್ಟ, ಎಲ್ಲ ಒಂದೊಂದಾಗಿ ಮರಳಿ ಬಂದವು. ಅಡಿವೆಪ್ಪನಿಗೆ ಹೋದ ಜೀವ ಬಂದಂತಾಯಿತು. ತೋರಿಸೋಣವೆಂದು ತಿರುಗಿದರೆ ಅಕ್ಕ ಕೋಣೆಯಲ್ಲಿರಲಿಲ್ಲ.

ಅವರು ಘಟ್ಟದ ಚಿತ್ರದಲ್ಲಿದ್ದರು. ಸೀರೆಯ ನಿರಿಗೆ ಎತ್ತಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಐದು. ಆರು. ಏಳು.

ಸೈರನ್ ಕೂಗಲಿಲ್ಲ.

ಎಂಟು. ಒಂಬತ್ತು. ನೀರು ಮೊಣಕಾಲಿಗೆ ಬಂತು. ಅಕ್ಕ ಅಲ್ಲೇ ನಿಂತು ಕ್ಯಾಮೆರಾದ ಕಡೆ ನೋಡಿದರು.

ಅಡಿವೆಪ್ಪ ಗಾಬರಿಯಿಂದ ಸೆಟ್ಟಿಂಗಿನ ಪುಟ ತೆರೆದ. ಗೆರೆ ಇತ್ತು. ಅವನು ಎಳೆದಿದ್ದ ಜಾಗದಲ್ಲೇ, ಕೂದಲೆಳೆಯಷ್ಟೂ ಕದಲದೆ ಇತ್ತು. ಆದರೆ ಅದು ಬಿದ್ದಿದ್ದು ಮೆಟ್ಟಿಲ ಮೇಲಲ್ಲ, ನಡುಹೊಳೆಯ ಮೇಲೆ.

ತಿಂಗಳ ಹಿಂದೆ ಮುಸಿಯ ಕೋತಿಗಳ ಹಿಂಡು ಆ ಕ್ಯಾಮೆರಾದ ಕಂಬಕ್ಕೆ ಜೋತಾಡಿದ್ದು ಅವನಿಗೆ ಆಗ ನೆನಪಾಯಿತು. ಕ್ಯಾಮೆರಾ ಕತ್ತು ಎತ್ತಿಬಿಟ್ಟಿತ್ತು. ಗೆರೆ ಈ ಪುಟ ತೆರೆದರಷ್ಟೇ ಕಾಣುತ್ತದೆ. ಅವನು ದಿನವೂ ಉಳಿಸುವ ಗುಂಡಿಯೊಂದನ್ನು ಒತ್ತಿ ಕೈಮುಗಿದು ಹೋಗುತ್ತಿದ್ದ. ಈ ಒಂದು ತಿಂಗಳು ಎಷ್ಟು ಜನ ಆ ಸೆಳವಿನವರೆಗೆ ಇಳಿದರೋ ಎಂದು ನೆನೆದು ಅವನಿಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು.

ಕಣ್ಣು ಒರೆಸಿಕೊಂಡು ಹಳೆಯ ಗೆರೆ ಅಳಿಸಿದ. ಏಳನೆಯ ಮೆಟ್ಟಿಲು ಎಲ್ಲಿದೆಯೆಂದು ಎಣಿಸಿ ಹೊಸದನ್ನು ಎಳೆದ. ಕಿಟಕಿಯಿಂದ ಕೈಬೀಸಿದ.

ಅಕ್ಕ ಐದನೆಯ ಮೆಟ್ಟಿಲವರೆಗೆ ಹತ್ತಿ ಬಂದು ಮತ್ತೆ ಇಳಿದರು. ಏಳು ದಾಟುತ್ತಲೇ ಸೈರನ್ ಇಡೀ ದಂಡೆಗೆ ಕೇಳುವಂತೆ ಕೂಗಿತು. ಕಾವಲಿನ ಹೆಂಗಸರು ಬೆಚ್ಚಿ ಎದ್ದು ನಿಂತರು.

ಅಡಿವೆಪ್ಪ ಘಟ್ಟಕ್ಕೆ ಓಡಿ ಬಂದ. ಏದುಸಿರು ಬಿಡುತ್ತ, ರೆಕಾರ್ಡರಿನಿಂದ ಕಿತ್ತು ತಂದಿದ್ದ ಪೆನ್‌ಡ್ರೈವನ್ನು ಎತ್ತಿ ತೋರಿಸಿದ.

"ಈಗ ಉಳಿಸ್ಕೊಳ್ಳಲೇನ್ರಿ ಅಕ್ಕಾ?"

ಅಕ್ಕ ಒದ್ದೆಯಾದ ಸೀರೆಯಂಚು ಹಿಂಡುತ್ತಿದ್ದರು.

"ಉಳಿಸ್ಕೋ. ನಾಳೆ ನೀರಿಗೆ ಇಳಿಯೋದು ನಿನ್ನ ಪಾಳಿ."