ಎದುರಿದ್ದವರ ಬಾಯಿ ನೋಡಿದ ದರ್ಸಾ

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಗೋಡೆಗೆ ಒರಗಿಕೊಳ್ಳಿ. ಕಡಲಾಚೆ ಸುಂದಾ ಅಂತ ಒಂದು ಸೀಮೆ. ಬೆಟ್ಟದ ಮೇಲೂ ಮಂಜು, ಗದ್ದೆ ಮೇಲೂ ಮಂಜು. ಅಲ್ಲಿ ರುಮ್ಸಿ ಅನ್ನೋಳಿಗೆ ಒಬ್ಬನೇ ಮಗ, ದರ್ಸಾ. ಮಂಜು ನೋಡ್ತಾ ನಿಂತ ಅಂದರೆ ಮುಗೀತು, ತಟ್ಟೇಲಿ ಅನ್ನ ಆರಿದ್ದೂ ಗೊತ್ತಾಗದು.

ಆ ಸೀಮೆಯವರ ಮನೆಮಾತಲ್ಲಿ ‘ಫ’ ಇಲ್ಲ, ಎಲ್ಲಾ ‘ಪ’ನೇ. ನಮ್ಮಲ್ಲಿ ಕಾಫೀನ ಕಾಪಿ ಅನ್ನೋಲ್ವೇ, ಹಾಗೆ. ಆದರೆ ಪೇಟೆಯ ಮಲಯ ಮಾತಲ್ಲಿ ತಪ್ಪು ಮಾಡಿದರೆ ‘ಮಾಫ್’ ಅನ್ನಬೇಕು. ‘ಮಾಪ್’ ಅಂದರೆ ಪೇಟೆಯ ಜುಮ್ಹಾನ ನಗ್ತಾನೆ. ಅವನ ಮಗಳು ಅತಿಕಾನ ಸೊಸೆ ಮಾಡ್ಕೋಬೇಕು ಅಂತ ರುಮ್ಸಿಗೆ ಹಗಲೂ ಕನಸು.

“ಮಗಾ, ಪೇಟೆಯವರ ಮುಂದೆ ಮೇಲಿನ ಹಲ್ಲು ಕೆಳತುಟಿ ಮೇಲಿಟ್ಟು ಗಾಳಿ ಬಿಡು!”

“ಹೂಂ ಅವ್ವ!”

ಅಕ್ಕಿಹಿಟ್ಟು ಮಾರೋಕೆ ಪೇಟೆಗೆ ಹೋದ. ಒಬ್ಬ ಹೆಂಗಸು ಬುಟ್ಟಿಗೆ ಬಗ್ಗಿ, “ಹಿಟ್ಟು ನುಣ್ಣಗಿದೆಯೇನಪ್ಪ?” ಅಂದಳು. ಹಲ್ಲು ತುಟಿ ಮೇಲಿಟ್ಟ, ಗಾಳಿ ಬಿಟ್ಟ. ಫ್‌ಫ್‌ಫ್! ಹಿಟ್ಟೆಲ್ಲಾ ಅವಳ ಮುಖಕ್ಕೆ!

“ಅಯ್ಯೋ ಪೆದ್ದಾ, ಬರೀ ಊದು ಅಂದೆನೇನೋ? ಹೋಗ್ಲಿ, ನಮ್ಮೂರವರ ಮುಂದಾದರೂ ಗಾಳಿ ಬಿಡಬೇಡ, ತುಟಿಗೆ ತುಟಿ ಕೂಡಿಸು!”

“ಹೂಂ ಅವ್ವ!”

ಮಾರನೇ ದಿನ ಪಕ್ಕದ ಮನೆಯವನು ಓಡಿಬಂದ. “ದರ್ಸಾ, ನಮ್ಮ ಎಮ್ಮೆ ಕಂಡೆಯೇನೋ?” ಎಮ್ಮೆ ರುಮ್ಸಿಯ ಸಸಿಮಡೀಲೇ ಮೇಯ್ತಾ ಇತ್ತು. ದರ್ಸಾ ತುಟಿಗೆ ತುಟಿ ಕೂಡಿಸಿ ಸುಮ್ಮನೆ ನಿಂತ. ಮಂಜಿನೊಳಗೆ ಎಮ್ಮೆ ಎಷ್ಟು ಚೆಂದ ಕಾಣ್ತಿತ್ತು ಅಂತೀರಿ! ಒಂದು ಸಸೀನೂ ಉಳೀಲಿಲ್ಲ.

“ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಇನ್ನುಮೇಲೆ ಎದುರಿದ್ದವರ ಬಾಯಿ ನೋಡು. ಅವರು ಹೇಗೆ ಆಡ್ತಾರೋ ಹಾಗೇ ಆಡು!”

“ಹೂಂ ಅವ್ವ!”

ಹೆಣ್ಣಿನ ಮನೇಲಿ ಮೊದಲು ಒಂದು ಮಾತು ಇಟ್ಟುಬರೋದು ಅಲ್ಲಿನ ಪದ್ಧತಿ. ರುಮ್ಸಿ ವೀಳ್ಯದ ತಟ್ಟೆ ಹಿಡಿದು, ಮಗನ್ನ ಕರಕೊಂಡು ಜುಮ್ಹಾನನ ಮನೆ ಹತ್ತಿದಳು.

“ಮಾಫ್, ಚಾಪೆ ಹಳೇದು,” ಅಂದ ಜುಮ್ಹಾನ.

ದರ್ಸಾ ಅವನ ಬಾಯಿ ನೋಡಿದ. ಹಲ್ಲು ತುಟಿ ಮೇಲಿಟ್ಟ. “ಮಾಫ್, ಚಾಪೆ ಹಳೇದು!”

“ಆಹಾ, ಎಂಥ ಚೊಕ್ಕ ನಾಲಗೆ!” ಅಂತ ಜುಮ್ಹಾನ ಬೆರಗಾದ. ಬಾಗಿಲ ಮರೇಲಿ ಅತಿಕಾ ನಕ್ಕಳು, ಇವನೂ ನಕ್ಕ. ಬಿದಿರ ತಟ್ಟಿ ಸಂದಿಂದ ಮಂಜು ತೇಲಿ ಒಳಗೆ ಬಂತು. ರುಮ್ಸಿಗೆ ಕನಸೋ ನನಸೋ ತಿಳೀದು.

“ಕೊಟ್ಟೆ ಕಣಮ್ಮ ಮಗಳನ್ನ!” ಅಂದೇಬಿಟ್ಟ ಜುಮ್ಹಾನ.

ಪಾಪ, ಹೆತ್ತ ಕರುಳು. ಸಂತೋಷಕ್ಕೆ ರುಮ್ಸಿ ಗಳಗಳ ಅತ್ತಳು. ದರ್ಸಾ ಅವ್ವನ ಬಾಯಿ ನೋಡಿದ. ಅವನೂ ಗೊಳೋ ಅಂತ ಅತ್ತ!

ಜುಮ್ಹಾನ ಕೆಂಡವಾದ. “ಹೆಣ್ಣು ಕೊಡ್ತೀನಿ ಅಂದರೆ ಅಳ್ತಾನೆಯೇ? ಅಷ್ಟು ಬೇಡವಾದಳೇ ನನ್ನ ಮಗಳು? ಎತ್ತಮ್ಮ ತಟ್ಟೆ!”

“ಇಲ್ಲ ಅಣ್ಣ, ಹಾಗಲ್ಲ!” ಅಂತ ರುಮ್ಸಿ ಕಣ್ಣೀರಲ್ಲೇ ಮಗನ ಭುಜ ಅಲ್ಲಾಡಿಸಿದಳು. “ನಗೋ! ನಗೋ ಕತ್ತೆ ಮಗನೇ!”

ದರ್ಸಾ ಅವ್ವನ ಬಾಯಿ ನೋಡಿದ. ಎದ್ದ. ಕಣ್ಣೀರು ಸುರಿಸ್ತಾ ಜುಮ್ಹಾನನ ಭುಜ ಹಿಡಿದು ಗಡಗಡ ಅಲ್ಲಾಡಿಸಿ ಕೂಗಿದ:

“ನಗೋ! ನಗೋ ಕತ್ತೆ ಮಗನೇ!”