ಮೂರೂರಿನ ಧೂಳು

"ಬುದ್ಧಿ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹಾರುವ ವಿಮಾನ ನಡುದಾರಿಯಲ್ಲಿ ಬಿಟ್ಟ ಹೊಗೆ ಯಾರ ಪಾಲಿನದು? ಅದನ್ನು ಮೊದಲು ಕಡಿಮೆ ಮಾಡಬೇಕಾದವರು ಯಾರು?" ಎಂದು ಮುರಿಗೆಪ್ಪ ಕೇಳಿದ. ಈ ಹೊಗೆಯ ವಿಚಾರಕ್ಕೆಂದೇ ಹಲವು ದೇಶಗಳು ಸೇರುವ ಸಭೆಗೆ ಅವನು ಸರ್ಕಾರದ ಪರವಾಗಿ ಹೊರಟಿದ್ದ. ಹೊರಡುವ ಮುನ್ನ ಗುರುಗಳ ಕಾಲಿಗೆ ಬೀಳಲು ಮಠಕ್ಕೆ ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಶುರು ಮಾಡಿದರು.

ಮೂರು ಊರಿನ ದಾರಿಗಳು ಒಂದು ಬಯಲಿನಲ್ಲಿ ಕೂಡಿ, ಅಲ್ಲಿಂದ ಒಂದೇ ದಾರಿಯಾಗಿ ಸಂತೆಗೆ ಹೋಗುತ್ತಿದ್ದವು. ಆ ದಾರಿಯ ಪಕ್ಕ ಹಪ್ಪಳ ಮಾಡುವ ಹೆಂಗಸೊಬ್ಬಳು ಗುಡಿಸಲು ಹಾಕಿಕೊಂಡಿದ್ದಳು. ಅವಳ ಹಪ್ಪಳವೆಂದರೆ ಮೂರೂರಿಗೂ ಪ್ರಾಣ. ಆದರೆ ಆ ಮೂರೂರಿನವರಿಗೂ ಒಂದು ಮರ್ಯಾದೆಯ ಹುಚ್ಚಿತ್ತು. ತಮ್ಮೂರ ಗಾಡಿ ಬೇರೆ ಊರಿನ ಗಾಡಿಯ ಹಿಂದೆ ಹೋಗಕೂಡದು. ಹಿಂದೆ ಹೋದವನು ಮುಂದಿನವನ ಧೂಳು ತಿನ್ನಬೇಕಲ್ಲ! ಹಾಗಾಗಿ ಎರಡು ಗಾಡಿ ಒಂದೇ ದಾರಿಗೆ ಬಿದ್ದರೆ ಸಾಕು, ಎತ್ತುಗಳ ಬಾಲ ತಿರುಚಿ ಓಡಿಸುತ್ತಿದ್ದರು. ಉಪ್ಪು ತರಲು ಹೊರಟವನೂ ದಂಡಿಗೆ ಹೊರಟವನಂತೆ ಹೋಗುತ್ತಿದ್ದ. ಎದ್ದ ಧೂಳೆಲ್ಲ ಅವಳು ಹಪ್ಪಳ ಒಣಹಾಕಿದ ಚಾಪೆಯ ಮೇಲೆ ಬಂದು ಕೂರುತ್ತಿತ್ತು.

ಆಗ ಒಂದು ಮದುವೆ ಮನೆಯವರು ಅವಳಿಗೆ ಹಪ್ಪಳ ಹೇಳಿ ಹೋದರು. ಮದುವೆಯ ಊಟದಲ್ಲಿ ಹಲ್ಲಿಗೆ ಮಣ್ಣು ಸಿಕ್ಕಿದರೆ ಮುಂದೆ ಯಾರೂ ಅವಳ ಬಾಗಿಲಿಗೆ ಬರುವುದಿಲ್ಲ. ಆ ಹಪ್ಪಳ ಬಿಟ್ಟರೆ ಅವಳಿಗೆ ಬೇರೆ ಅನ್ನವಿಲ್ಲ. ಹೆದರಿಕೆಯಲ್ಲೇ ಊರೂರ ಗೌಡರ ಬಳಿ ಹೋದಳು. ಮೊದಲನೆಯವನು, ತಮ್ಮೂರ ಎಲ್ಲೆಯೊಳಗೆ ದಿನಾ ನೀರು ಚಿಮುಕಿಸುತ್ತೇವೆ, ಬಯಲಿನ ಧೂಳು ತಮ್ಮದಲ್ಲ ಎಂದ. ಎರಡನೆಯವನು, ಗಾಡಿ ಹೋಗುವುದು ಸಂತೆಗೆ, ಆದ್ದರಿಂದ ಧೂಳೂ ಸಂತೆಯದೇ ಎಂದ. ಮೂರನೆಯವನು, ಮುಂದಿನ ಗಾಡಿ ನಿಧಾನ ಮಾಡಿದರೆ ತಾನೂ ಮಾಡುವುದಾಗಿ ಹೇಳಿ, ಆದರೆ ಯಾವಾಗಲೂ ಮುಂದಿರುವುದು ತಮ್ಮ ಗಾಡಿಯೇ ಎಂದು ಮೀಸೆ ತೀಡಿದ. ಮೂವರೂ ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದರು.

ಅವಳು ಬಿಡಲಿಲ್ಲ. ಅವಳ ಕಾಟ ತಾಳಲಾರದೆ ಗೌಡರು ಸಭೆ ಸೇರಲು ಒಪ್ಪಿದರು. ಯಾರ ಊರಲ್ಲಿ ಸೇರಿದರೂ ಉಳಿದಿಬ್ಬರಿಗೆ ಅವಮಾನ, ಅದಕ್ಕೆ ಅವಳ ಅಂಗಳವೇ ಆಗಲಿ ಎಂದರು. ಸಭೆಯ ದಿನ ಮೂರು ಗಾಡಿಯೂ ದಾರಿ ಕೂಡುವ ಕಡೆ ಎದುರಾದವು. ಇನ್ನೇನು ಹೇಳುವುದು? ದಾರಿಯಲ್ಲಿ ಹಿಡಿಸುವುದು ಒಂದೇ ಗಾಡಿ. ಮಿಕ್ಕ ಎರಡು ಅವಳ ಚಾಪೆಯ ಮೇಲೆಯೇ ಬಂದವು. ಗೌಡರು ಮೈ ಕೊಡವಿಕೊಂಡು ಕೂತು, ಉಳಿದಿಬ್ಬರು ನಿಧಾನ ಮಾಡಿದ ಮೇಲೆ ತಾನೂ ಮಾಡುತ್ತೇನೆಂದು ಒಬ್ಬೊಬ್ಬರೂ ಮಾತು ಕೊಟ್ಟರು. ಎಲ್ಲರೂ ಒಪ್ಪಿದಂತಾಯಿತು ಎಂದು ಒಬ್ಬರಿಗೊಬ್ಬರು ಭೇಷ್ ಎಂದರು.

ಅವಳು ಅಷ್ಟರಲ್ಲಿ ಚಾಪೆಯಲ್ಲಿ ಉಳಿದಿದ್ದ ಹಪ್ಪಳ ಕರಿದು ತಂದಿಟ್ಟಳು. ಗೌಡರು ಕಚ್ಚಿದರು. ಮೂರು ದವಡೆಯೂ ಒಟ್ಟಿಗೇ ನಿಂತವು.

"ತಂಗೀ, ಇದರಲ್ಲಿ ಮಣ್ಣಿದೆ" ಎಂದ ಹಿರಿಯ ಗೌಡ.

"ಇದೆ ಗೌಡ್ರೇ. ನಿಮ್ಮೂರಿಂದು ಎಷ್ಟಿದೆಯೋ ಅಷ್ಟನ್ನು ಆರಿಸಿ ತೆಗೀರಿ. ಮಿಕ್ಕಿದ್ದನ್ನು ಅವರು ಆರಿಸಿಕೊಳ್ಳಲಿ" ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಹಿರಿಯ ಗೌಡ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹಲ್ಲೊಂದು ಅಲುಗಾಡುತ್ತಿತ್ತು. ಹಿಂದಿರುಗುವಾಗ ಗಾಡಿಯವನಿಗೆ, ನಿಧಾನ ಹೊಡಿ, ಹಿಂದೆಯೇ ಹೊಡಿ ಎಂದ. ಉಳಿದಿಬ್ಬರು ಗೆದ್ದೆವೆಂದು ಓಡಿಸಿದರು. ತಿರುಗಿ ನೋಡಿದರೆ ಅಟ್ಟಿಸಿಕೊಂಡು ಬರುವವನೇ ಇಲ್ಲ. ನಾಚಿಕೆಯಾಗಿ ಒಬ್ಬ ಹಗ್ಗ ಜಗ್ಗಿದ. ಕೊನೆಯವನು ಒಬ್ಬನೇ ಯಾರನ್ನು ಸೋಲಿಸಬೇಕು? ಅವನೂ ಜಗ್ಗಿದ. ಅಂದಿನಿಂದ ಆ ದಾರಿಯಲ್ಲಿ ಓಟ ನಿಂತಿತು, ಧೂಳು ಅಡಗಿತು. ಅವಳು ಹೊಸದಾಗಿ ಹಿಟ್ಟು ಕಲಸಿ, ಲಟ್ಟಿಸಿ, ಒಣಹಾಕಿದಳು. ಮದುವೆಯಲ್ಲಿ ಹಪ್ಪಳ ಎರಡನೇ ಸಲ ಬಡಿಸುವಂತಾಯಿತು.

ಮುರಿಗೆಪ್ಪ ನಕ್ಕುಬಿಟ್ಟ. "ಕತೆಯೇನೋ ಚೆನ್ನಾಗಿದೆ ಬುದ್ಧಿ. ಆದರೆ ಯಾವ ದೇಶ ಮೊದಲು ನಿಧಾನ ಮಾಡಬೇಕು ಅಂತ ಸಭೆಯಲ್ಲಿ ಹೇಳಲಿ?"

ಗುರುಗಳೆಂದರು: "ಹಾಗೆ ಕೇಳುವವನ ಹಲ್ಲಿಗೆ ಇನ್ನೂ ಮಣ್ಣು ಸಿಕ್ಕಿಲ್ಲ, ಮಗೂ."